ಮರುತುಂಬಿದ ರೈಫಲ್ ತೋಟಾಗಳಲ್ಲಿ ಅತಿ ಒತ್ತಡದ ಲಕ್ಷಣಗಳು

ಕೈಯಿಂದ ತುಂಬಿದ ರೈಫಲ್ ತೋಟಾವನ್ನು ಹಾರಿಸಿದಾಗ ಅದರೊಳಗಿನ ಅನಿಲದ ಒತ್ತಡವು ಗೊತ್ತುಪಡಿಸಿದ ಮಿತಿಯನ್ನು ಮೀರಿದೆಯೆಂದು ತಿಳಿಸುವ ಗುರುತುಗಳನ್ನು ಅತಿ ಒತ್ತಡದ ಲಕ್ಷಣಗಳು ಎನ್ನುತ್ತಾರೆ. ಈ ಗುರುತುಗಳು ಹಾರಿಸಿದ ಖಾಲಿ ಕೋಶದ ಮೇಲೆ, ಅದರ ತಳದ ಪ್ರೈಮರಿನ ಮೇಲೆ ಮತ್ತು ಬಂದೂಕಿನ ಬೋಲ್ಟ್ ತೆರೆಯುವಾಗಿನ ಬಿಗಿಯಲ್ಲಿ ಕಾಣಿಸಿಕೊಳ್ಳುತ್ತವೆ. ಚಪ್ಪಟೆಯಾದ ಪ್ರೈಮರ್, ತೂತು ಬಿದ್ದ ಪ್ರೈಮರ್, ಕೋಶದ ತಳದಲ್ಲಿ ಹೊಳೆಯುವ ಅಚ್ಚು, ಕಷ್ಟದಿಂದ ಮೇಲೇಳುವ ಬೋಲ್ಟ್, ಸಡಿಲವಾದ ಪ್ರೈಮರ್ ಕುಳಿ ಇವು ಮುಖ್ಯವಾದವು. ತೋಟಾಗಳನ್ನು ಮನೆಯಲ್ಲೇ ಮರುತುಂಬುವ ಹವ್ಯಾಸ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಬಹಳ ಹರಡಿದೆ. ಈ ವಿಷಯದ ಪರಿಭಾಷೆಯೂ ಚರ್ಚೆಯೂ ಬಹುಮಟ್ಟಿಗೆ ಅಲ್ಲಿಂದಲೇ ಬಂದಿವೆ.

ಲಕ್ಷಣ ಕಂಡರೆ ಒತ್ತಡ ಹೆಚ್ಚಾಗಿದೆ ಎಂದು ಶಂಕಿಸಬೇಕು. ಆದರೆ ಲಕ್ಷಣ ಕಾಣದಿದ್ದರೆ ಒತ್ತಡ ಮಿತಿಯೊಳಗಿದೆ ಎಂದು ನಂಬಲು ಆಧಾರವಿಲ್ಲ. ಈ ಎರಡನೆಯ ಮಾತನ್ನು ಮರೆತವರೇ ಹೆಚ್ಚಾಗಿ ಅಪಾಯಕ್ಕೆ ಸಿಲುಕುತ್ತಾರೆ. ಕಾರಣಗಳನ್ನು ಮುಂದೆ ವಿವರಿಸಿದೆ.

ತೋಟಾದೊಳಗೆ ನಡೆಯುವುದೇನು

ರೈಫಲ್ ತೋಟಾದಲ್ಲಿ ನಾಲ್ಕು ಭಾಗಗಳಿವೆ: ಹಿತ್ತಾಳೆಯ ಕೋಶ, ಕೋಶದ ತಳದ ನಡುವಿನ ಕುಳಿಯಲ್ಲಿ ಕೂರುವ ಪ್ರೈಮರ್, ಒಳಗಿನ ಹೊಗೆರಹಿತ ಮದ್ದು, ಕೋಶದ ಬಾಯಿ ಕಚ್ಚಿ ಹಿಡಿದ ಗುಂಡು. ಮಲೆನಾಡಿನ ಹಳೆಯ ಕೇಪಿನ ಕೋವಿಯನ್ನು ಕಂಡವರಿಗೆ ಪ್ರೈಮರಿನ ಪರಿಚಯ ಸುಲಭ. ಅಲ್ಲಿ ಹೊರಗಿನಿಂದ ಸಿಕ್ಕಿಸುತ್ತಿದ್ದ ಕೇಪೇ ಇಲ್ಲಿ ತೋಟಾದ ತಳದೊಳಗೆ ಸೇರಿಕೊಂಡಿದೆ. ಫೈರಿಂಗ್ ಪಿನ್ ಬಡಿದಾಗ ಪ್ರೈಮರ್ ಕಿಡಿ ಕಾರುತ್ತದೆ, ಮದ್ದು ಹೊತ್ತಿಕೊಳ್ಳುತ್ತದೆ, ಹುಟ್ಟಿದ ಅನಿಲ ಗುಂಡನ್ನು ನಳಿಗೆಯೊಳಗೆ ತಳ್ಳುತ್ತದೆ. ಒಂದು ಹೊಡೆತದಲ್ಲಿ ಸುಟ್ಟು ಮುಗಿಯುವುದು ಮದ್ದು ಮತ್ತು ಪ್ರೈಮರ್, ಹಾರಿಹೋಗುವುದು ಗುಂಡು. ಉಳಿಯುವ ಕೋಶವನ್ನು ಮತ್ತೆ ಅಳತೆಗೆ ತಂದು, ಹೊಸ ಪ್ರೈಮರ್, ಮದ್ದು, ಗುಂಡುಗಳನ್ನು ಸೇರಿಸುವುದೇ ಮರುತುಂಬುವಿಕೆ.

ಹೊಗೆರಹಿತ ಮದ್ದು ಒಮ್ಮೆಗೇ ಸ್ಫೋಟಿಸುವ ವಸ್ತುವಲ್ಲ, ಅತಿ ವೇಗವಾಗಿ ಉರಿಯುವ ವಸ್ತು. ಆದರೆ ಅದರ ಉರಿಯುವ ವೇಗ ಸ್ಥಿರವಾಗಿರುವುದಿಲ್ಲ. ಸುತ್ತಲಿನ ಒತ್ತಡ ಏರಿದಂತೆ ಅದು ಇನ್ನೂ ಬೇಗ ಉರಿಯುತ್ತದೆ, ಬೇಗ ಉರಿದಷ್ಟೂ ಒತ್ತಡ ಮತ್ತೆ ಏರುತ್ತದೆ. ಈ ಸಂಬಂಧವನ್ನು ಗಣಿತದ ನಿಯಮವಾಗಿ ಹೇಳಿದವನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಪಾಲ್ ವಿಯೇಲ್. 1884ರಲ್ಲಿ ರೈಫಲಿಗೆ ಒಗ್ಗುವ ಹೊಗೆರಹಿತ ಮದ್ದನ್ನು ಸಿದ್ಧಪಡಿಸಿದವನೂ ಅವನೇ. ಇದರಿಂದ ಒಂದು ಮುಖ್ಯ ಪರಿಣಾಮವಿದೆ. ಕಡಿಮೆ ಪ್ರಮಾಣದಲ್ಲಿ ಅರ್ಧ ಗ್ರೇನ್ ಮದ್ದು ಹೆಚ್ಚಿಸಿದಾಗ ಆಗುವ ಏರಿಕೆಗಿಂತ, ಗರಿಷ್ಠ ಪ್ರಮಾಣದ ಸಮೀಪದಲ್ಲಿ ಅದೇ ಅರ್ಧ ಗ್ರೇನ್ ತರುವ ಏರಿಕೆ ದೊಡ್ಡದು. (7,000 ಗ್ರೇನ್ ಸೇರಿದರೆ ಒಂದು ಪೌಂಡ್. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ.)

ಕೋಶದ ಹಿತ್ತಾಳೆಯಲ್ಲಿ ಸುಮಾರು 70 ಭಾಗ ತಾಮ್ರ, 30 ಭಾಗ ಸತುವು ಇರುತ್ತದೆ. ಈ ಮಿಶ್ರಲೋಹಕ್ಕೆ ಹಿಗ್ಗಿ ಮರಳಿ ಕುಗ್ಗುವ ಗುಣವಿದೆ. ಒತ್ತಡಕ್ಕೆ ಹಿಗ್ಗಿದ ಕೋಶ ಚೇಂಬರಿನ ಗೋಡೆಗೆ ಅಂಟಿಕೊಂಡು ಅನಿಲ ಹಿಂದಕ್ಕೆ ನುಗ್ಗದಂತೆ ತಡೆಯುತ್ತದೆ. ಒತ್ತಡ ಇಳಿದಾಗ ಕೂದಲೆಳೆಯಷ್ಟು ಕುಗ್ಗಿ ಸಡಿಲವಾಗುತ್ತದೆ, ಬೋಲ್ಟ್ ಸರಾಗವಾಗಿ ತೆರೆದುಕೊಳ್ಳುತ್ತದೆ. ಒತ್ತಡ ಮಿತಿ ಮೀರಿದರೆ ಉಕ್ಕಿನ ಚೇಂಬರೂ ಒಂದಿಷ್ಟು ಹಿಗ್ಗುತ್ತದೆ. ಉಕ್ಕು ತನ್ನ ಮೂಲ ಅಳತೆಗೆ ಮರಳುತ್ತದೆ, ಹಿತ್ತಾಳೆ ಅಷ್ಟು ಮರಳಲಾರದು. ಆಗ ಚೇಂಬರು ಕೋಶವನ್ನು ಹಿಡಿದುಕೊಳ್ಳುತ್ತದೆ. ಬೋಲ್ಟ್ ಬಿಗಿಯುವುದರ ಹಿಂದಿನ ಭೌತಶಾಸ್ತ್ರ ಇಷ್ಟೇ.

ಒತ್ತಡದ ಅಳತೆ ಮತ್ತು ಮಿತಿ

ರೈಫಲ್ ತೋಟಾದ ಒತ್ತಡವನ್ನು ಅಮೆರಿಕದಲ್ಲಿ ಪಿಎಸ್‌ಐ, ಅಂದರೆ ಒಂದು ಚದರ ಅಂಗುಲದ ಮೇಲೆ ಬೀಳುವ ಪೌಂಡ್ ಭಾರದ ಲೆಕ್ಕದಲ್ಲಿ ಹೇಳುತ್ತಾರೆ. ಯುರೋಪಿನಲ್ಲಿ ಬಾರ್ ಎಂಬ ಮಾನ ಬಳಕೆಯಲ್ಲಿದೆ. 1926ರಲ್ಲಿ ಸ್ಥಾಪನೆಯಾದ ಅಮೆರಿಕದ ತಯಾರಕರ ಸಂಸ್ಥೆ ಸಾಮಿ ಪ್ರತಿ ತೋಟಾಕ್ಕೂ ಗರಿಷ್ಠ ಸರಾಸರಿ ಒತ್ತಡವನ್ನು ನಿಗದಿಪಡಿಸುತ್ತದೆ. ಯುರೋಪಿನ ಕೆಲಸವನ್ನು 1914ರಲ್ಲಿ ಆರಂಭವಾದ ಸಿಐಪಿ ಎಂಬ ಅಂತರರಾಷ್ಟ್ರೀಯ ಆಯೋಗ ನೋಡಿಕೊಳ್ಳುತ್ತದೆ.

ಸಾಮಿಯ ಪ್ರಕಾರ .308 ವಿಂಚೆಸ್ಟರ್ ತೋಟಾದ ಮಿತಿ 62,000 ಪಿಎಸ್‌ಐ. ಕಾರಿನ ಚಕ್ರದ ಗಾಳಿ ಸುಮಾರು 30 ಪಿಎಸ್‌ಐ ಎಂದುಕೊಂಡರೆ ಇದು ಅದರ ಎರಡು ಸಾವಿರ ಪಟ್ಟು. ಕೋಶದ ತಳ ಬೋಲ್ಟನ್ನು ಹಿಂದಕ್ಕೆ ಒತ್ತುವ ಬಲವನ್ನು ಟನ್ನುಗಳಲ್ಲೇ ಹೇಳಬೇಕಾಗುತ್ತದೆ. ಗುಂಡು ಹಾರಿಸುವವನ ಮುಖವಾದರೋ ಆ ಬೋಲ್ಟಿನಿಂದ ಒಂದು ಗೇಣಿನೊಳಗೇ ಇರುತ್ತದೆ.

ಎಲ್ಲ ತೋಟಾಗಳ ಮಿತಿ ಒಂದೇ ಅಲ್ಲ. .270 ವಿಂಚೆಸ್ಟರಿಗೆ 65,000, .30-06 ಸ್ಪ್ರಿಂಗ್‌ಫೀಲ್ಡಿಗೆ 60,000, .30-30 ವಿಂಚೆಸ್ಟರಿಗೆ 42,000, ಕಪ್ಪುಮದ್ದಿನ ಕಾಲದ .45-70 ಗವರ್ನ್‌ಮೆಂಟಿಗೆ 28,000 ಪಿಎಸ್‌ಐ ಎಂದು ಸಾಮಿ ನಿಗದಿಪಡಿಸಿದೆ. ಒಂದೇ ತೋಟಾಕ್ಕೆ ಎರಡು ಕಡೆ ಎರಡು ಮಿತಿ ಇರುವುದೂ ಉಂಟು. 8x57 ಮೌಸರ್ ತೋಟಾಕ್ಕೆ ಸಿಐಪಿ 3,900 ಬಾರ್, ಎಂದರೆ 56,000 ಪಿಎಸ್‌ಐಗೂ ಹೆಚ್ಚು ಒತ್ತಡವನ್ನು ಅನುಮತಿಸಿದರೆ, ಸಾಮಿ 35,000 ಪಿಎಸ್‌ಐಗೇ ನಿಲ್ಲಿಸಿದೆ. ಕಿರಿದಾದ ನಳಿಗೆಯ ಹಳೆಯ ಜರ್ಮನ್ ಬಂದೂಕುಗಳು ಇನ್ನೂ ಜನರ ಕೈಯಲ್ಲಿರುವುದೇ ಈ ಎಚ್ಚರಿಕೆಗೆ ಕಾರಣ.

ಹಳೆಯ ಕೈಪಿಡಿಗಳಲ್ಲಿ ಸಿಯುಪಿ ಎಂಬ ಇನ್ನೊಂದು ಮಾನ ಕಾಣಸಿಗುತ್ತದೆ. ಚೇಂಬರಿನ ಅನಿಲದಿಂದ ಒಂದು ಸಣ್ಣ ತಾಮ್ರದ ಉರುಳೆಯನ್ನು ಜಜ್ಜಿಸಿ, ಅದು ಎಷ್ಟು ಗಿಡ್ಡವಾಯಿತೆಂದು ಅಳೆದು ಪಡೆಯುವ ಅಂಕಿ ಇದು. ಇದನ್ನು ಪಿಎಸ್‌ಐ ಎಂದೇ ಓದಿಕೊಳ್ಳುವುದು ಆರಂಭಿಕರು ಮಾಡುವ ದೊಡ್ಡ ತಪ್ಪು. .308 ವಿಂಚೆಸ್ಟರಿನಲ್ಲಿ 52,000 ಸಿಯುಪಿಯ ಸ್ಥಾನದಲ್ಲಿ 62,000 ಪಿಎಸ್‌ಐ ಇದೆ, .223 ರೆಮಿಂಗ್ಟನ್ನಿನಲ್ಲಿ ಅದೇ 52,000 ಸಿಯುಪಿಯ ಸ್ಥಾನದಲ್ಲಿ 55,000 ಪಿಎಸ್‌ಐ ಮಾತ್ರ ಇದೆ. ಎರಡನ್ನೂ ಜೋಡಿಸುವ ಸರಳ ಸೂತ್ರವಿಲ್ಲ. ಇಂದು ಪ್ರಯೋಗಾಲಯಗಳು ಒತ್ತಡಕ್ಕೆ ವಿದ್ಯುತ್ ಹೊರಡಿಸುವ ಸ್ಫಟಿಕವನ್ನು ಬಳಸಿ ನೇರವಾಗಿ ಅಳೆಯುತ್ತವೆ. ಮನೆಯಲ್ಲಿ ತುಂಬುವವನ ಬಳಿ ಅಂಥ ಉಪಕರಣ ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದಲೇ ಅವನು ಹಿತ್ತಾಳೆಯ ಮೇಲಿನ ಗುರುತುಗಳನ್ನು ಓದಲು ತೊಡಗಿದ್ದು.

ಪ್ರೈಮರಿನ ಮೇಲಿನ ಗುರುತುಗಳು

ಹೊಸ ಪ್ರೈಮರಿನ ಅಂಚು ದುಂಡಗೆ ಇಳಿದಿರುತ್ತದೆ. ಸಾಧಾರಣ ಒತ್ತಡದಲ್ಲಿ ಹಾರಿಸಿದ ಮೇಲೂ ಆ ದುಂಡು ಸ್ವಲ್ಪ ಉಳಿದು, ಪ್ರೈಮರಿಗೂ ಕುಳಿಯ ಅಂಚಿಗೂ ನಡುವೆ ಒಂದು ತೆಳ್ಳನೆಯ ಗೆರೆ ಕಾಣುತ್ತದೆ. ಒತ್ತಡ ಏರಿದಂತೆ ಪ್ರೈಮರ್ ಬೋಲ್ಟಿನ ಮುಖಕ್ಕೆ ಒತ್ತಿಕೊಂಡು ಚಪ್ಪಟೆಯಾಗುತ್ತದೆ. ಲೋಹವು ಕುಳಿಯ ಅಂಚಿನವರೆಗೆ ಹರಿದು ಗೆರೆ ಮುಚ್ಚಿಹೋಗುತ್ತದೆ. ಫೈರಿಂಗ್ ಪಿನ್ ಬಡಿದ ಗುಳಿಯ ಸುತ್ತ ಲೋಹ ಉಬ್ಬಿ ಬಾವಿಯ ಕಟ್ಟೆಯಂತೆ ಎದ್ದು ನಿಂತರೆ ಅದನ್ನು ಕುಳಿಗಟ್ಟುವಿಕೆ ಎನ್ನಬಹುದು. ಪಿನ್ ಹೊರಬರುವ ತೂತಿನೊಳಕ್ಕೆ ಪ್ರೈಮರಿನ ಲೋಹ ಹರಿದಿದೆ ಎಂಬುದಕ್ಕೆ ಅದು ಸಾಕ್ಷಿ.

ಪ್ರೈಮರಿಗೇ ತೂತು ಬೀಳುವುದು ಇನ್ನೂ ಗಂಭೀರ. ಆ ತೂತಿನಿಂದ ನುಗ್ಗುವ ಬಿಸಿ ಅನಿಲ ಪಿನ್ನಿನ ತುದಿಯನ್ನೂ ಬೋಲ್ಟಿನ ಮುಖವನ್ನೂ ಕೊರೆಯುತ್ತದೆ, ಬೋಲ್ಟಿನೊಳಗಿನಿಂದ ಹಿಂದಕ್ಕೆ ಹಾಯುತ್ತದೆ. 1898ರ ಮೌಸರ್ ರೈಫಲಿನ ಬೋಲ್ಟಿನಲ್ಲಿ ಅನಿಲ ಹೊರಹೋಗಲು ತೂತುಗಳನ್ನೂ, ಬೋಲ್ಟಿನ ಹಿಂಭಾಗದಲ್ಲಿ ಅನಿಲವನ್ನು ಪಕ್ಕಕ್ಕೆ ತಿರುಗಿಸುವ ಅಗಲವಾದ ಅಂಚನ್ನೂ ಇಟ್ಟದ್ದು ಇಂಥ ಹೊತ್ತಿನಲ್ಲಿ ಕಣ್ಣು ಉಳಿಯಲೆಂದೇ. ಎಲ್ಲ ಹಳೆಯ ಬಂದೂಕುಗಳಿಗೆ ಈ ಭಾಗ್ಯವಿಲ್ಲ.

ಪ್ರೈಮರಿನ ಸುತ್ತ ಕಪ್ಪು ಮಸಿಯ ಉಂಗುರ ಕಂಡರೆ ಕುಳಿ ಹಿಗ್ಗಿ ಅನಿಲ ಸೋರಿದೆ ಎಂದರ್ಥ. ಬೋಲ್ಟ್ ತೆರೆದಾಗ ಪ್ರೈಮರ್ ಕಳಚಿ ಕೆಳಗೆ ಬಿದ್ದರೆ ಆ ಕೋಶದ ಆಯುಸ್ಸು ಮುಗಿದಂತೆ. ಮರುತುಂಬುವಾಗ ಹೊಸ ಪ್ರೈಮರ್ ಯಾವ ಪ್ರತಿರೋಧವೂ ಇಲ್ಲದೆ ಕುಳಿಯೊಳಗೆ ಜಾರುವುದೂ ಇದೇ ಕಥೆಯನ್ನು ತಡವಾಗಿ ಹೇಳುತ್ತದೆ. ನನ್ನ ದೃಷ್ಟಿಯಲ್ಲಿ ಪ್ರೈಮರಿನ ಚಪ್ಪಟೆತನಕ್ಕಿಂತ ಕುಳಿಯ ಸಡಿಲಿಕೆ ಹೆಚ್ಚು ನಂಬಬಹುದಾದ ಸಾಕ್ಷಿ. ತಳದ ದಪ್ಪ ಹಿತ್ತಾಳೆ ಶಾಶ್ವತವಾಗಿ ಹಿಗ್ಗಿದ ಹೊರತು ಒಂದೆರಡು ಹೊಡೆತಗಳಲ್ಲಿ ಕುಳಿ ಸಡಿಲವಾಗುವುದಿಲ್ಲ.

ಕೋಶದ ತಳ ಮತ್ತು ಬೋಲ್ಟ್

1962ರಲ್ಲಿ ಬಂದ ರೆಮಿಂಗ್ಟನ್ 700 ಮಾದರಿಯಂಥ ಬಂದೂಕುಗಳಲ್ಲಿ ಖಾಲಿ ಕೋಶವನ್ನು ಹೊರಚಿಮ್ಮಲು ಬೋಲ್ಟಿನ ಮುಖದಲ್ಲಿ ಸ್ಪ್ರಿಂಗಿನ ಮೇಲೆ ಕೂತ ಒಂದು ಸಣ್ಣ ಕಡ್ಡಿ ಇರುತ್ತದೆ. ಅತಿ ಒತ್ತಡದಲ್ಲಿ ಕೋಶದ ತಳದ ಹಿತ್ತಾಳೆ ಆ ಕಡ್ಡಿಯ ತೂತಿನೊಳಕ್ಕೆ ಹರಿಯುತ್ತದೆ. ಬೋಲ್ಟ್ ತಿರುಗಿಸಿದಾಗ ಉಬ್ಬಿದ ಆ ಭಾಗ ಉಜ್ಜಿ, ಕೋಶದ ತಳದಲ್ಲಿ ಅಚ್ಚಾದ ಅಕ್ಷರಗಳ ಪಕ್ಕ ನಾಣ್ಯದಂತೆ ಹೊಳೆಯುವ ದುಂಡನೆಯ ಗುರುತು ಮೂಡುತ್ತದೆ. ಇದು ಸ್ಪಷ್ಟವಾಗಿ ಕಂಡರೆ ಒತ್ತಡ ಹಿತ್ತಾಳೆಯ ತಾಳಿಕೆಯನ್ನು ದಾಟಿದೆ ಎಂದೇ ತಿಳಿಯಬೇಕು. ಹಳೆಯ ಮೌಸರ್‌ನಲ್ಲಿ ಇಂಥ ತೂತಿಲ್ಲ, ಆದ್ದರಿಂದ ಅಲ್ಲಿ ಈ ಗುರುತನ್ನು ಹುಡುಕಿ ಪ್ರಯೋಜನವಿಲ್ಲ.

ಬೋಲ್ಟಿನ ಹಿಡಿ ಮೇಲೇಳಲು ಬಿಗಿಯಾದರೆ ಅದು ಕೈಗೇ ಗೊತ್ತಾಗುವ ಲಕ್ಷಣ. ಅದೇ ತೋಟಾವನ್ನು ಹಾರಿಸುವ ಮೊದಲು ಬೋಲ್ಟ್ ಸರಾಗವಾಗಿ ಮುಚ್ಚಿಕೊಂಡಿದ್ದು, ಹಾರಿಸಿದ ಮೇಲೆ ಮಾತ್ರ ಬಿಗಿದಿದ್ದರೆ ಸಂಶಯ ಬಲವಾಗುತ್ತದೆ. ಚೇಂಬರಿನಲ್ಲಿ ಕೊಳೆ, ಒರಟುತನ ಅಥವಾ ಮರಳು ಇದ್ದರೂ ಬೋಲ್ಟ್ ಬಿಗಿಯುವುದುಂಟು. ಆದರೆ ಕಾರಣ ಗೊತ್ತಾಗುವವರೆಗೆ ಅದನ್ನು ಒತ್ತಡವೆಂದೇ ಎಣಿಸುವುದು ಕ್ಷೇಮ.

ಕೋಶದ ತಳದ ಸ್ವಲ್ಪ ಮೇಲೆ ಸುತ್ತಲೂ ಕಾಣುವ ಹೊಳೆಯುವ ಉಂಗುರವನ್ನು ಅನೇಕರು ಅತಿ ಒತ್ತಡದ ಲಕ್ಷಣವೆಂದು ಬಗೆಯುತ್ತಾರೆ. ಅದು ಸಾಮಾನ್ಯವಾಗಿ ಬೇರೆಯೇ ರೋಗದ ಗುರುತು. ಮರುತುಂಬುವಾಗ ಕೋಶದ ಭುಜವನ್ನು ಅಗತ್ಯಕ್ಕಿಂತ ಹಿಂದಕ್ಕೆ ತಳ್ಳಿದರೆ, ಹಾರಿಸಿದಾಗಲೆಲ್ಲ ಕೋಶ ಉದ್ದಕ್ಕೆ ಎಳೆಯಲ್ಪಟ್ಟು ಆ ಜಾಗದ ಗೋಡೆ ತೆಳುವಾಗುತ್ತದೆ, ಕೊನೆಗೆ ಅಲ್ಲಿಯೇ ತುಂಡಾಗುತ್ತದೆ. ಬಾಗಿಸಿದ ತಂತಿಯ ತುದಿಯನ್ನು ಕೋಶದೊಳಗೆ ಇಳಿಸಿ ಗೋಡೆಯ ಮೇಲೆ ಎಳೆದರೆ, ತೆಳುವಾದ ಕಡೆ ತುದಿ ಸಣ್ಣ ತಗ್ಗಿಗೆ ಸಿಕ್ಕಿಕೊಳ್ಳುವುದು ಕೈಗೆ ತಿಳಿಯುತ್ತದೆ. ಅಪಾಯ ಎರಡರಲ್ಲೂ ಇದೆ, ಚಿಕಿತ್ಸೆ ಮಾತ್ರ ಬೇರೆ.

ಮೈಕ್ರೋಮೀಟರ್ ಮತ್ತು ವೇಗಮಾಪಕ

ಕಣ್ಣನ್ನು ನಂಬದವರು ಮೈಕ್ರೋಮೀಟರ್ ಹಿಡಿದು, ಹಾರಿಸುವ ಮೊದಲು ಮತ್ತು ಅನಂತರ ಕೋಶದ ತಳದ ವ್ಯಾಸವನ್ನು ಅಂಗುಲದ ಹತ್ತು ಸಾವಿರದ ಒಂದು ಭಾಗದವರೆಗೆ ಅಳೆಯುತ್ತಾರೆ. ಕಾರ್ಖಾನೆಯ ತೋಟಾ ಎಷ್ಟು ಹಿಗ್ಗುತ್ತದೋ ಅದಕ್ಕಿಂತ ತಮ್ಮದು ಹೆಚ್ಚು ಹಿಗ್ಗಿದರೆ ಒತ್ತಡ ಹೆಚ್ಚೆಂದು ತರ್ಕ. ವಿಧಾನ ಅಚ್ಚುಕಟ್ಟಾಗಿ ಕಂಡರೂ ಹಿತ್ತಾಳೆಯ ಗಡಸುತನ ಕಂಪನಿಯಿಂದ ಕಂಪನಿಗೆ, ಒಂದೇ ಕೋಶದಲ್ಲಿ ಹೊಡೆತದಿಂದ ಹೊಡೆತಕ್ಕೆ ಬದಲಾಗುವುದರಿಂದ ಅದರ ಉತ್ತರವೂ ಅಲುಗಾಡುತ್ತದೆ.

ಇದಕ್ಕಿಂತ ಉಪಯುಕ್ತವಾದದ್ದು ಗುಂಡಿನ ವೇಗವನ್ನು ಅಳೆಯುವ ಕ್ರೋನೋಗ್ರಾಫ್. ಗುಂಡಿಗೆ ಹೆಚ್ಚಿನ ವೇಗ ಬಿಟ್ಟಿಯಾಗಿ ಬರುವುದಿಲ್ಲ. ಅಷ್ಟೇ ಉದ್ದದ ನಳಿಗೆ, ಅದೇ ಗುಂಡು, ಅದೇ ಮದ್ದು ಇದ್ದು, ಕೈಪಿಡಿ ತನ್ನ ಗರಿಷ್ಠ ಪ್ರಮಾಣಕ್ಕೆ ಹೇಳಿದ ವೇಗವನ್ನು ನಮ್ಮ ತೋಟಾ ಮೀರಿದರೆ ಒತ್ತಡವೂ ಮೀರಿರುವ ಸಂಭವ ಬಹಳ. ಪ್ರೈಮರ್ ಎಷ್ಟೇ ಚೆನ್ನಾಗಿ ಕಾಣಲಿ, ಅಲ್ಲಿಗೆ ನಿಲ್ಲಿಸಬೇಕು. ಮದ್ದು ಹೆಚ್ಚಿಸಿದರೂ ವೇಗ ಏರದೆ ನಿಲ್ಲುವುದು, ಅಥವಾ ಹೊಡೆತದಿಂದ ಹೊಡೆತಕ್ಕೆ ವೇಗ ಅಡ್ಡಾದಿಡ್ಡಿಯಾಗುವುದು ಕೂಡ ಎಚ್ಚರಿಕೆಯೇ.

ಲಕ್ಷಣಗಳನ್ನು ಎಷ್ಟು ನಂಬಬಹುದು

.270 ವಿಂಚೆಸ್ಟರ್ ತೋಟಾ .30-06ರ ಮನೆತನಕ್ಕೆ ಸೇರಿದ್ದು. ಎರಡರ ತಳದ ಅಳತೆ ಒಂದೇ, ಹಿತ್ತಾಳೆ ಒಂದೇ, ಬಳಸುವ ಪ್ರೈಮರೂ ಒಂದೇ. .270 ತನ್ನ ನ್ಯಾಯವಾದ 65,000 ಪಿಎಸ್‌ಐ ಮಿತಿಯಲ್ಲಿ ಯಾವ ಗುರುತನ್ನೂ ತೋರಿಸದೆ ಕೆಲಸ ಮಾಡುತ್ತದೆ. ಹಾಗಾದರೆ .30-06 ತೋಟಾ ತನ್ನ 60,000ದ ಮಿತಿಯನ್ನು ದಾಟಿ 65,000 ತಲುಪಿದಾಗ ಅದೇ ಹಿತ್ತಾಳೆ, ಅದೇ ಪ್ರೈಮರ್ ದೂರು ಹೇಳುವುದು ಹೇಗೆ? ಹೇಳುವುದಿಲ್ಲ. ಮಿತಿ ಎಂಬುದು ಕಾಗದದ ಮೇಲೆ ಮನುಷ್ಯ ಬರೆದದ್ದು, ಹಿತ್ತಾಳೆಗೆ ಗೊತ್ತಿರುವುದು ತನ್ನ ತಾಳಿಕೆ ಮಾತ್ರ.

ಇದೇ ತರ್ಕವನ್ನು .30-30ಕ್ಕೆ ಹಚ್ಚಿದರೆ ಚಿತ್ರ ಇನ್ನೂ ಕಳವಳಕಾರಿ. ಆ ತೋಟಾ 1894ರ ಮಾದರಿಯ ಲಿವರ್ ಬಂದೂಕಿಗಾಗಿ ಬಂದದ್ದು, ಅದರ ಮಿತಿ 42,000. ಅಲ್ಲಿ ಹಿತ್ತಾಳೆ ಕೂಗಿಕೊಳ್ಳುವ ವೇಳೆಗೆ ಬಂದೂಕಿನ ಮಿತಿ ಎಂದೋ ಹಿಂದೆ ಉಳಿದಿರುತ್ತದೆ. .45-70ರಲ್ಲಂತೂ 28,000 ತಾಳಲೆಂದು ಕಟ್ಟಿದ ಹತ್ತೊಂಬತ್ತನೆಯ ಶತಮಾನದ ಬಂದೂಕು, ಪ್ರೈಮರ್ ಚಪ್ಪಟೆಯಾಗುವ ಮೊದಲೇ ಒಡೆಯಬಹುದು. ಹೀಗಾಗಿ ಖಾಲಿ ಕೋಶವನ್ನು ಓದುವ ವಿದ್ಯೆಗೆ ಅಲ್ಪಸ್ವಲ್ಪ ಬೆಲೆಯಿರುವುದು ಹೆಚ್ಚು ಒತ್ತಡಕ್ಕೆಂದೇ ರೂಪಿಸಿದ ಗಟ್ಟಿಮುಟ್ಟಾದ ಬೋಲ್ಟ್ ಬಂದೂಕುಗಳಲ್ಲಿ. ಹಳೆಯ ಮತ್ತು ದುರ್ಬಲ ಬಂದೂಕುಗಳಿಗೆ ಅದನ್ನು ಅನ್ವಯಿಸುವುದು ತಪ್ಪು.

ಸುಳ್ಳು ಸಾಕ್ಷಿಗಳೂ ಕಡಿಮೆಯಿಲ್ಲ. ಪ್ರೈಮರಿನ ಬಟ್ಟಲು ಒಂದು ಕಂಪನಿಯದು ತೆಳು, ಇನ್ನೊಂದರದು ದಪ್ಪ. ರೆಮಿಂಗ್ಟನ್ 6½ ಎಂಬ ಪ್ರೈಮರನ್ನು .22 ಹಾರ್ನೆಟ್‌ನಂಥ ಸೌಮ್ಯ ತೋಟಾಗಳಿಗೆ ಉದ್ದೇಶಿಸಲಾಗಿದ್ದು, .223ರಲ್ಲಿ ಬಳಸಬಾರದೆಂದು ತಯಾರಕರೇ ಹೇಳುತ್ತಾರೆ. ಅದನ್ನು ಅಲ್ಲಿ ಬಳಸಿ ತೂತು ಬಿದ್ದರೆ ತಪ್ಪು ಮದ್ದಿನದೇ ಆಗಿರಬೇಕಿಲ್ಲ. ಪಿನ್ನಿನ ತೂತು ದೊಡ್ಡದಾಗಿದ್ದರೆ ಅಥವಾ ಪಿನ್ನಿನ ಸ್ಪ್ರಿಂಗ್ ಸೋತಿದ್ದರೆ ಸಾಧಾರಣ ಒತ್ತಡದಲ್ಲೂ ಕುಳಿಯ ಸುತ್ತ ಕಟ್ಟೆ ಏಳುತ್ತದೆ. ಕೋಶ ಚೇಂಬರಿನಲ್ಲಿ ಹಿಂದೆಮುಂದೆ ಸರಿಯುವಷ್ಟು ಗಿಡ್ಡವಾಗಿದ್ದರೆ, ಪ್ರೈಮರ್ ಮೊದಲು ಹೊರಬಂದು, ಹಿಂದೆಯೇ ಸರಿದು ಬಂದ ಕೋಶದ ತಳದಿಂದ ಮತ್ತೆ ಕುಳಿಗೆ ತಳ್ಳಲ್ಪಟ್ಟು ಚಪ್ಪಟೆಯಾಗುತ್ತದೆ. ನೋಡಿದವನು ಅದನ್ನು ಅತಿ ಒತ್ತಡವೆಂದುಕೊಳ್ಳುತ್ತಾನೆ. ಹೀಗೆ ಒಂದೇ ಚಪ್ಪಟೆ ಪ್ರೈಮರ್ ಎರಡು ಬೇರೆ ಕಥೆ ಹೇಳಬಲ್ಲದು. ಒಂದು ಗುರುತಿನಿಂದ ತೀರ್ಮಾನಕ್ಕೆ ಬರದೆ, ಅದೇ ಬಂದೂಕಿನಲ್ಲಿ ಹಾರಿಸಿದ ಕಾರ್ಖಾನೆಯ ತೋಟಾದ ಖಾಲಿ ಕೋಶವನ್ನು ಪಕ್ಕಕ್ಕಿಟ್ಟು ಹೋಲಿಸುವುದು ರೂಢಿ.

ಒತ್ತಡ ಏರಲು ಕಾರಣಗಳು

ಮದ್ದಿನ ತೂಕ ಹೆಚ್ಚಾಗುವುದು ಎಲ್ಲರಿಗೂ ತೋಚುವ ಕಾರಣ. ಅದಕ್ಕಿಂತ ಭೀಕರವಾದದ್ದು ಮದ್ದಿನ ಜಾತಿಯೇ ಬದಲಾಗುವುದು. ನಿಧಾನವಾಗಿ ಉರಿಯುವ ರೈಫಲ್ ಮದ್ದಿನ ತೂಕದಷ್ಟೇ ವೇಗದ ಪಿಸ್ತೂಲಿನ ಮದ್ದನ್ನು ರೈಫಲ್ ಕೋಶಕ್ಕೆ ತುಂಬಿದರೆ ಲಕ್ಷಣಗಳನ್ನು ನೋಡುವ ಅವಕಾಶವೇ ಇರುವುದಿಲ್ಲ, ಮೊದಲ ಹೊಡೆತಕ್ಕೇ ಬಂದೂಕು ಒಡೆಯಬಹುದು. ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಮದ್ದಿನ ಡಬ್ಬಿ ಇರಬೇಕೆಂಬ ಕಟ್ಟುನಿಟ್ಟು ಬಂದದ್ದು ಇದರಿಂದ.

ಉಳಿದ ಕಾರಣಗಳು ಸದ್ದಿಲ್ಲದೆ ಬರುವಂಥವು. ಗುಂಡು ನಳಿಗೆಯ ಸುರುಳಿ ಗೀರುಗಳಿಗೆ ತಾಗಿಯೇ ಕೂತಿದ್ದರೆ ಅದು ಹೊರಡಲು ಹೆಚ್ಚು ಬಲ ಬೇಕಾಗಿ ಒತ್ತಡ ಏರುತ್ತದೆ. ಸೈನ್ಯದ 7.62x51 ನ್ಯಾಟೋ ಕೋಶಗಳ ಗೋಡೆ ಸಾಮಾನ್ಯವಾಗಿ .308 ವಿಂಚೆಸ್ಟರ್ ಕೋಶಗಳಿಗಿಂತ ದಪ್ಪ, ಒಳಗಿನ ಜಾಗ ಕಡಿಮೆ. ಆದ್ದರಿಂದ ಅದೇ ಮದ್ದು ಅಲ್ಲಿ ಹೆಚ್ಚು ಒತ್ತಡ ಕೊಡುತ್ತದೆ. ಪದೇ ಪದೇ ಹಾರಿಸಿದ ಕೋಶ ಉದ್ದವಾಗುತ್ತದೆ. .308ರಲ್ಲಿ 2.015 ಅಂಗುಲ ಮೀರಿದರೆ ಅದರ ಬಾಯಿ ಚೇಂಬರಿನ ತುದಿಗೆ ಸಿಕ್ಕಿ ಗುಂಡನ್ನು ಇಕ್ಕಳದಂತೆ ಹಿಡಿಯುತ್ತದೆ, ಆದಕಾರಣ ಕತ್ತರಿಸಿ ಅಳತೆಗೆ ತರಬೇಕು. ಭಾರವಾದ ಗುಂಡು, ಬೇರೆ ಕಂಪನಿಯ ಗುಂಡು, ಸಾಧಾರಣ ಪ್ರೈಮರಿನ ಬದಲು ಮ್ಯಾಗ್ನಮ್ ಪ್ರೈಮರ್ ಇವುಗಳಲ್ಲಿ ಯಾವುದು ಬದಲಾದರೂ ಮದ್ದಿನ ಪ್ರಮಾಣವನ್ನು ಕೆಳಗಿನಿಂದ ಮತ್ತೆ ಆರಂಭಿಸಬೇಕು.

ಬಿಸಿಲಿನ ಮಾತು ನಮ್ಮ ನಾಡಿಗೂ ಸಂಬಂಧಿಸಿದ್ದು. ಬಿಸಿಯಾದ ಮದ್ದು ಹೆಚ್ಚು ಬೇಗ ಉರಿಯುತ್ತದೆ. ತಂಪು ದೇಶದಲ್ಲಿ ಸಿದ್ಧಪಡಿಸಿದ ಕಾರ್ಡೈಟ್ ಮದ್ದಿನ ತೋಟಾಗಳು ಭಾರತ ಮತ್ತು ಆಫ್ರಿಕದ ಬಿಸಿಲಿನಲ್ಲಿ ತೊಂದರೆ ಕೊಡುತ್ತಿದ್ದುದನ್ನು ಬ್ರಿಟಿಷ್ ಬಂದೂಕು ತಯಾರಕರು ಬಲ್ಲವರಾಗಿದ್ದರು. 1911ರಲ್ಲಿ ಬಂದ .416 ರಿಗ್ಬಿ ತೋಟಾದ ಕೋಶ ಅಷ್ಟು ದೊಡ್ಡದಾಗಿರುವುದು, ಒಳಜಾಗ ಹೆಚ್ಚಿದ್ದರೆ ಒತ್ತಡ ಕಡಿಮೆಯಿರುತ್ತದೆ ಎಂಬ ಲೆಕ್ಕದಿಂದ. ಅದರ ಸಿಐಪಿ ಮಿತಿ 3,250 ಬಾರ್ ಮಾತ್ರ. ಇಂದು ತಾಪಮಾನಕ್ಕೆ ಅಷ್ಟಾಗಿ ಬಗ್ಗದ ಮದ್ದುಗಳು ಮಾರುಕಟ್ಟೆಗೆ ಬಂದಿವೆ, ಪೂರ್ತಿ ಬಗ್ಗದ್ದು ಯಾವುದೂ ಇಲ್ಲ. ಚಳಿಗಾಲದ ಬೆಳಗ್ಗೆ ಗುರುತಿಲ್ಲದೆ ಹಾರಿದ ತೋಟಾ ಬೇಸಿಗೆಯ ಮಧ್ಯಾಹ್ನ ಕಾರಿನೊಳಗೆ ಕಾದು, ಬೋಲ್ಟನ್ನು ಬಿಗಿಯಬಹುದು. ಬಿಸಿಯಾದ ಚೇಂಬರಿನಲ್ಲಿ ತೋಟಾವನ್ನು ಕೆಲ ನಿಮಿಷ ಬಿಟ್ಟರೂ ಇದೇ ಪರಿಣಾಮ.

ಅಮೆರಿಕದ ಎರಡು ಹಳೆಯ ಪಾಠಗಳು

1921ರಲ್ಲಿ ಅಮೆರಿಕದ ರಾಷ್ಟ್ರೀಯ ಗುರಿಸ್ಪರ್ಧೆಗೆ ಒದಗಿಸಿದ .30-06 ತೋಟಾಗಳಲ್ಲಿ ಗುಂಡಿಗೆ ತವರದ ಲೇಪವಿತ್ತು. ನಳಿಗೆಯಲ್ಲಿ ಲೋಹ ಅಂಟದಿರಲೆಂದು ಮಾಡಿದ ಉಪಾಯ ಅದು. ಸ್ಪರ್ಧಿಗಳಿಗೆ ಗುಂಡಿಗೆ ಗ್ರೀಸ್ ಹಚ್ಚುವ ಹಳೆಯ ಅಭ್ಯಾಸವಿತ್ತು. ಬೇಡವೆಂದು ಎಚ್ಚರಿಸಿದರೂ ಕೆಲವರು ಬಿಡಲಿಲ್ಲ, ಬಂದೂಕುಗಳು ಹಾಳಾದವು. ವಿಚಾರಿಸಿದಾಗ ತವರವು ಗುಂಡನ್ನು ಕೋಶದ ಕೊರಳಿಗೆ ಬೆಸುಗೆ ಹಾಕಿದಂತೆ ಅಂಟಿಸಿತ್ತೆಂದು ತಿಳಿಯಿತು. ಕೊರಳು ಹಿಗ್ಗಿದರೆ ಗುಂಡು ಬಿಡಿಸಿಕೊಳ್ಳುತ್ತಿತ್ತು, ಆದರೆ ಹಿಗ್ಗಲು ಬೇಕಾದ ಜಾಗವನ್ನು ಗ್ರೀಸ್ ತುಂಬಿತ್ತು. ಮದ್ದು ಒಂದು ಗ್ರೇನೂ ಹೆಚ್ಚಿರಲಿಲ್ಲ.

ಎರಡನೆಯದು ಸ್ಪ್ರಿಂಗ್‌ಫೀಲ್ಡ್ 1903 ಮಾದರಿಯ ರೈಫಲಿನದು. ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದಲ್ಲಿ ತಯಾರಾದ, 8,00,000ಕ್ಕಿಂತ ಕಡಿಮೆ ಕ್ರಮಸಂಖ್ಯೆಯ ಬಂದೂಕುಗಳನ್ನು ಇಂದಿಗೂ ಹಾರಿಸಬಾರದೆಂದು ತಿಳಿದವರು ಹೇಳುತ್ತಾರೆ. ಅವುಗಳ ಉಕ್ಕನ್ನು ಕಾಯಿಸುವಾಗ ಹದವನ್ನು ಕಮ್ಮಾರರು ಬಣ್ಣ ನೋಡಿ ನಿರ್ಧರಿಸುತ್ತಿದ್ದರು. ಅನಂತರ ಉಪಕರಣದಿಂದ ಅಳೆದು ನೋಡಿದರೆ, ಪ್ರಖರ ಬಿಸಿಲಿನ ದಿನ ಕಣ್ಣಿಗೆ ಸರಿಯೆಂದು ಕಂಡ ಶಾಖ ಮೋಡದ ದಿನದ್ದಕ್ಕಿಂತ 300 ಡಿಗ್ರಿ ಫ್ಯಾರನ್‌ಹೀಟ್‌ವರೆಗೆ ಹೆಚ್ಚಾಗಿತ್ತು. ಹಾಗೆ ಸುಟ್ಟ ಉಕ್ಕು ಗಾಜಿನಂತೆ ಪೆಡಸಾಗಿ, ಅತಿ ಒತ್ತಡ ಬಂದಾಗ ಬಾಗದೆ ಚೂರಾಗುತ್ತಿತ್ತು. ಅಮೆರಿಕದ ಸೇನಾಧಿಕಾರಿ ಜೂಲಿಯನ್ ಹ್ಯಾಚರ್ 1947ರ ತಮ್ಮ 'ಹ್ಯಾಚರ್ಸ್ ನೋಟ್‌ಬುಕ್' ಗ್ರಂಥದಲ್ಲಿ ಈ ಎರಡೂ ಪ್ರಕರಣಗಳನ್ನು ವಿವರವಾಗಿ ದಾಖಲಿಸಿದ್ದಾರೆ. ಅನುಭವಿಗಳ ಕಣ್ಣೇ ಇಷ್ಟು ಮೋಸಹೋದ ಮೇಲೆ ಪ್ರೈಮರ್ ನೋಡಿ ಒತ್ತಡ ಹೇಳುತ್ತೇನೆಂಬ ಹವ್ಯಾಸಿಯ ಮಾತನ್ನು ಎಷ್ಟರಮಟ್ಟಿಗೆ ಒಪ್ಪಬಹುದೆಂದು ಓದುಗರೇ ಯೋಚಿಸಬಹುದು.

ಲಕ್ಷಣ ಕಂಡಾಗಿನ ಕ್ರಮ

ಪ್ರಕಟಿತ ಕೈಪಿಡಿಯ ಆರಂಭಿಕ ಪ್ರಮಾಣದಿಂದ ತೊಡಗಿ, ಸಣ್ಣ ಹೆಜ್ಜೆಗಳಲ್ಲಿ ಏರುತ್ತಾ, ಪ್ರತಿ ಹೆಜ್ಜೆಗೂ ಕೆಲವೇ ತೋಟಾಗಳನ್ನು ಹಾರಿಸಿ ಕೋಶಗಳನ್ನು ಪರೀಕ್ಷಿಸುವುದು ಅಂಗೀಕೃತ ಪದ್ಧತಿ. ಆರಂಭಿಕ ಪ್ರಮಾಣ ಸಾಮಾನ್ಯವಾಗಿ ಗರಿಷ್ಠಕ್ಕಿಂತ ಶೇಕಡಾ 10ರಷ್ಟು ಕಡಿಮೆಯಿರುತ್ತದೆ. ಗರಿಷ್ಠ ತಲುಪುವ ಮೊದಲೇ ಲಕ್ಷಣ ಕಂಡರೆ ಆ ಬಂದೂಕಿಗೆ ಅಲ್ಲಿಗೇ ಕೊನೆ. ಲಕ್ಷಣ ಕಾಣದಿದ್ದರೂ ಗರಿಷ್ಠವೇ ಕೊನೆ. ಸುರಕ್ಷಾ ಕನ್ನಡಕವಿಲ್ಲದೆ ಈ ಕೆಲಸಕ್ಕೆ ಇಳಿಯುವಂತಿಲ್ಲ.

ಬೋಲ್ಟ್ ಬಿಗಿದರೆ ಅಥವಾ ಪ್ರೈಮರಿನಿಂದ ಅನಿಲ ಸೋರಿದರೆ ಹಾರಿಸುವುದನ್ನು ತಕ್ಷಣ ನಿಲ್ಲಿಸಿ, ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ಇಟ್ಟುಕೊಂಡು, ಬಂದೂಕು ತಣ್ಣಗಾಗಲು ಬಿಡಬೇಕು. ತೆರೆಯದ ಬೋಲ್ಟನ್ನು ಸುತ್ತಿಗೆಯಿಂದ ಬಡಿಯದೆ ಬಂದೂಕು ದುರಸ್ತಿಗಾರರ ಬಳಿ ಒಯ್ಯುವುದು ಉಚಿತ. ಅದೇ ಪ್ರಮಾಣದಲ್ಲಿ ತುಂಬಿದ ಉಳಿದ ತೋಟಾಗಳನ್ನು 'ಹೇಗೂ ಮಾಡಿದ್ದೇವೆ, ಮುಗಿಸಿಬಿಡೋಣ' ಎಂದು ಹಾರಿಸುವವರಿದ್ದಾರೆ. ಅವುಗಳಿಂದ ಗುಂಡನ್ನು ಕಿತ್ತು ಮದ್ದನ್ನು ಬೇರ್ಪಡಿಸಬೇಕು. ಪ್ರೈಮರ್ ಕುಳಿ ಸಡಿಲವಾದ ಕೋಶವನ್ನು ಮತ್ತೆ ಬಳಸಲಾಗದಂತೆ ಜಜ್ಜಿ ಎಸೆಯುವುದು ರೂಢಿ.

ಯುರೋಪಿನ ಸಿಐಪಿ ದೇಶಗಳಲ್ಲಿ ಪ್ರತಿ ರೈಫಲನ್ನೂ ಮಾರುವ ಮೊದಲು ಮಿತಿಗಿಂತ ಶೇಕಡಾ 25ರಷ್ಟು ಹೆಚ್ಚಿನ ಒತ್ತಡದಲ್ಲಿ ಪರೀಕ್ಷಿಸಿ ಮುದ್ರೆ ಒತ್ತುತ್ತಾರೆ. ಆ 25 ಭಾಗ ಬಳಕೆದಾರನ ಪಾಲಿನದಲ್ಲ. ಪರೀಕ್ಷೆ ನಡೆಯುವುದು ಒಮ್ಮೆ, ಮನುಷ್ಯ ದೂರ ನಿಂತು.

ಭಾರತದಲ್ಲಿ

1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಬಂದೂಕು ಇಟ್ಟುಕೊಳ್ಳುವ ಪರವಾನಗಿ ತೋಟಾ ತಯಾರಿಸುವ ಪರವಾನಗಿಯಲ್ಲ. ಆದ್ದರಿಂದ ಅಮೆರಿಕದಲ್ಲಿರುವಂತೆ ಮನೆಯ ಮೇಜಿನ ಮೇಲೆ ತೋಟಾ ತುಂಬುವ ಹವ್ಯಾಸಕ್ಕೆ ಇಲ್ಲಿ ಎಡೆಯಿಲ್ಲ. ಶಾಲಾ ಕಾಲೇಜಿನ ವಿದ್ಯಾರ್ಥಿಗಳು ಗುರಿಸ್ಪರ್ಧೆಗಳಲ್ಲಿ ಕಾಣುವ ಗಾಳಿ ಬಂದೂಕಿಗೆ ಮದ್ದೇ ಇಲ್ಲ. 50 ಮೀಟರ್ ಸ್ಪರ್ಧೆಯ .22 ತೋಟಾದಲ್ಲಿ ಪ್ರೈಮರಿನ ಮಿಶ್ರಣ ಕೋಶದ ಅಂಚಿನೊಳಗೇ ಇರುವುದರಿಂದ ಅದು ಒಂದು ಬಾರಿಯ ಬಳಕೆಗೆ ಮಾತ್ರ. ಆದರೂ ಕಾರ್ಖಾನೆಯ ತೋಟಾ ಹಾರಿಸುವ ಪರವಾನಗಿದಾರರಿಗೆ ಈ ಲಕ್ಷಣಗಳ ಪರಿಚಯ ಉಪಯೋಗಕ್ಕೆ ಬರುತ್ತದೆ. ನಳಿಗೆಯಲ್ಲಿ ಎಣ್ಣೆ, ಮಣ್ಣು ಅಥವಾ ಕಣಜದ ಗೂಡು ಉಳಿದಿದ್ದರೆ ಕಾರ್ಖಾನೆಯ ತೋಟಾದಲ್ಲೂ ಒತ್ತಡ ಮಿತಿ ಮೀರಬಲ್ಲದು, ಖಾಲಿ ಕೋಶದ ಮೇಲೆ ಆಗ ಕಾಣುವ ಗುರುತುಗಳೂ ಇವೇ.